ಏಳನೇ ನಂಬರ್ ಸೈಟಿನ ಒಣಕೊಂಬೆ

ಹೋದ ವಾರ ನಾನು ಹಾಕಿದ್ದ ಕುಟುರ ಹಕ್ಕಿಯ ಫೋಟೊ ನೋಡಿ ಸಂಘಟನೆಯ ತಮ್ಮನೊಬ್ಬ ಫೋನ್ ಮಾಡಿದ. "ಅಣ್ಣಾ, ನಮ್ ಜನಕ್ಕೆ ಸೂರಿಲ್ಲ, ನೀವ್ ನೋಡಿದ್ರೆ ಹಕ್ಕಿ ಗೂಡು ಹಿಡ್ಕೊಂಡು ಕೂತಿದ್ದೀರಿ. ವಯಸ್ಸಾಯ್ತಾ?" ಅಂದ. ನಗಾಡಿಬಿಟ್ಟೆ. ಫೋನ್ ಇಟ್ಟ ಮೇಲೆ ಅವನಿಗೆ ಸರಿಯಾಗಿ ಉತ್ತರ ಕೊಡಬೇಕಿತ್ತು ಅನಿಸಿತು. ಯಾಕಂದ್ರೆ ನಮ್ಮ ಕೇರಿಯವರ ಸೂರಿನ ಪ್ರಶ್ನೆ, ಈ ಹಕ್ಕಿಯ ಗೂಡಿನ ಪ್ರಶ್ನೆ ಎರಡೂ ಈಗ ಒಂದೇ ಮರದ ಮೇಲೆ ಬಂದು ಕೂತಿವೆ. ಪೋಸ್ಟ್ ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮೂರು ಅರಕಲಗೂಡು ತಾಲ್ಲೂಕಿನದು. ಇಲ್ಲಿಂದ ಕೊಡಗಿನ ಕಡೆ ಹೋದಷ್ಟೂ ಮಳೆ, ಮರ, ಕಾಫಿ. ಹೊಳೆನರಸೀಪುರದ ಕಡೆ ಬಂದಷ್ಟೂ ಬಯಲು. ನಡುವಿನ ನಮ್ಮದು ಅರೆಮಲೆನಾಡು. ಒಂದು ಕಾಲಕ್ಕೆ ಒಂದಕ್ಕೊಂದು ತಾಗಿಕೊಂಡಿದ್ದ ಮರಗಾಡು ಈಗ ತುಂಡು ತುಂಡು. ಇಲ್ಲೊಂದು ತೋಪು, ಅಲ್ಲೊಂದು ದೇವರ ಬನ, ಕೆರೆ ಹಿಂದೆ ನಾಲ್ಕು ಮರ, ಮಧ್ಯೆ ಹೊಗೆಸೊಪ್ಪು, ಆಲೂಗಡ್ಡೆ, ಜೋಳ. ನಮ್ಮ ಕೇರಿ ಬೆನ್ನಿಗೆ ಅಂಥದೊಂದು ತುಂಡಿದೆ. ದಾಖಲೆಯಲ್ಲಿ ಗೋಮಾಳ, ಬಾಯಲ್ಲಿ ತೋಪು. ಮೂರು ಎಕರೆ ಚಿಲ್ಲರೆ. ಬಸರಿ, ನೇರಳೆ, ಹೊಂಗೆ, ಇಪ್ಪೆ, ನಾಲ್ಕೈದು ಹಾಲವಾಣ, ಮಿಕ್ಕಿದ್ದು ನೀಲಗಿರಿ. ಊರಿನವರು ಊರು ಕಟ್ಟುವಾಗ ನಮ್ಮನ್ನ ಆಚೆ ಇಟ್ಟರು. ಹಂಗೆ ಆಚೆ ಇಟ್ಟಿದ್ದಕ್ಕೇ ನಮ್ಮ ಮಕ್ಕಳಿಗೆ ಹಕ್ಕಿಗಳು ಹತ್ತಿರದ ನೆಂಟರಾದವು.

ಅಂದಹಾಗೆ, ನಮ್ಮ ಬಾಯಲ್ಲಿ 'ಹ' ಹೊರಳಲ್ಲ. ಹಾಲು ಆಲು, ಹೊಲ ವಲ, ಹಕ್ಕಿ ಅಕ್ಕಿ. ನಾಲ್ಕನೇ ಕ್ಲಾಸಲ್ಲಿ ಮೇಷ್ಟ್ರು "ನೀನು ನೋಡಿದ್ದು ಹೇಳು" ಅಂದಾಗ ಎದ್ದು ನಿಂತು "ತೋಪಲ್ಲಿ ಅಕ್ಕಿ ಗೂಡು ಐತೆ ಸಾ" ಅಂದೆ. "ಅಕ್ಕಿ ಗೂಡಲ್ಲಿದ್ರೆ ನಿಮ್ಮವ್ವ ಯಾಕೋ ಸೊಸೈಟಿ ಮುಂದೆ ನಿಲ್ತಾಳೆ?" ಅಂದರು. ಇಡೀ ಕ್ಲಾಸು ನಕ್ಕಿತು. ಆಮೇಲೆ ಎಷ್ಟೋ ವರ್ಷ ನಾನು ಹಕ್ಕಿ ಬಗ್ಗೆ ಯಾರ ಹತ್ರನೂ ಮಾತಾಡಲಿಲ್ಲ. ಈಗಲೂ ವೇದಿಕೆ ಮೇಲೆ ಆ ಪದ ಬಂದ್ರೆ ಒಂದು ಸಲ ನುಂಗಿಕೊಂಡು ಹೇಳ್ತೀನಿ.

ನಮ್ಮ ತಾತ ಊರಿನ ಕುಳವಾಡಿ. ಎಲ್ಲೆ ತಕರಾರು ಬಂದ್ರೆ ಗಡಿಕಲ್ಲು ತೋರಿಸೋಕೆ ಅವನೇ ಬೇಕು, ತೋರಿಸಿ ಆದಮೇಲೆ ದೂರ ನಿಲ್ಲಬೇಕು. ಕಲ್ಲಿನಿಂದ ಕಲ್ಲಿಗೆ ತಿರುಗೀ ತಿರುಗೀ ಅವನಿಗೆ ಒಂದೊಂದು ಮರದ ಜಾತಕ ಗೊತ್ತಿತ್ತು. ಸೌದೆಗೆ ಅಂತ ನಾನು ಒಂದು ಅರೆ ಒಣಗಿದ ಹಾಲವಾಣದ ಕೊಂಬೆಗೆ ಕುಡ್ಲು ಹಾಕೋಕೆ ಹೋದಾಗ, "ಅದ್ಕೆ ಕೈ ಆಕ್ಬೇಡ ಕಣ್ಲಾ, ಅದ್ರೊಳಗೆ ಒಕ್ಕಲು ಅವೆ" ಅಂದಿದ್ದ. ಒಕ್ಕಲು ಅಂದ ಅವನು. ಗೂಡು ಅನ್ನಲಿಲ್ಲ.

ಕುಟುರನ ಕೂಗು ನೀವೆಲ್ಲ ಕೇಳಿರ್ತೀರಿ. ಬೇಸಿಗೆ ಬಂದ್ರೆ ಬೆಳಗ್ಗೆಯಿಂದ ಸಂಜೆವರೆಗೂ ಕುಟ್ರೂ ಕುಟ್ರೂ. ಎಲೆ ಬಣ್ಣದ ಮೈ, ಗಿಡ್ಡ ಕತ್ತು, ದಪ್ಪ ಕೊಕ್ಕು. ಕೂಗು ಕೇಳುತ್ತೆ, ಹಕ್ಕಿ ಕಾಣಲ್ಲ. ಇದು ಗೂಡು ಕಟ್ಟಲ್ಲ, ಕೊರೆಯುತ್ತೆ. ಗಂಡು ಹೆಣ್ಣು ಎರಡೂ ಸರದಿ ಮೇಲೆ ಸುಮಾರು 20 ದಿನ ಕುಟ್ಟಿ ಕುಟ್ಟಿ ಒಂದು ತೂತು ಮಾಡ್ತವೆ. ಆದರೆ ಅದರ ಕೊಕ್ಕು ಮರಕುಟಿಗನ ಕೊಕ್ಕಿನಷ್ಟು ಗಟ್ಟಿ ಅಲ್ಲ. ಹಸಿ ಮರ, ಗಟ್ಟಿ ಮರ ಆಗಲ್ಲ. ಅದಕ್ಕೆ ಬೇಕಾಗಿರೋದು ಒಣಗಿದ, ಒಳಗೆ ಬೂಸ್ಟು ಹಿಡಿದು ಮೆತ್ತಗಾದ, ಆದರೆ ಇನ್ನೂ ಬೀಳದೆ ನಿಂತಿರೋ ಕೊಂಬೆ. ಅದರ ತಮ್ಮನಂಥ ಕಂಚುಕುಟಿಗ ಇನ್ನೂ ಜಾಣ. ಓರೆಯಾದ ಕೊಂಬೆಯ ಕೆಳಮೈಯಲ್ಲಿ ತೂತು ಕೊರೆಯುತ್ತೆ, ಮಳೆ ನೀರು ಒಳಗೆ ಇಳಿಯಬಾರದು ಅಂತ. ಸರ್ಕಾರದ ಎಂಜಿನಿಯರ್‌ಗಳು ನಮ್ಮ ಕಾಲೋನಿ ಮನೆ ಕಟ್ಟಿಸುವಾಗ ಇಷ್ಟು ಯೋಚನೆ ಮಾಡಿದ್ದಿದ್ರೆ ನಮ್ಮವ್ವ ಪ್ರತಿ ಮಳೆಗಾಲ ತಪ್ಪಲೆ ಇಟ್ಕೊಂಡು ಕೂರಬೇಕಾಗಿರಲಿಲ್ಲ.

ಕುಟುರ ಮುಂದಿನ ಸಲಕ್ಕೆ ಸಾಮಾನ್ಯವಾಗಿ ಹೊಸ ತೂತು ಕೊರೆಯುತ್ತೆ. ಅದು ಬಿಟ್ಟು ಹೋದ ಹಳೇ ತೂತಿಗೆ ಕೊರೆಯಲು ಬಾರದವರು ಬರ್ತಾರೆ. ಗೊರವಂಕ, ಗಿಳಿ, ಹಾಲಕ್ಕಿ, ಮಡಿವಾಳ. (ಮಡಿವಾಳ ಅಂತ ಹಕ್ಕಿಗೂ ಹೆಸರಿಟ್ಟಿದ್ದಾರೆ ನೋಡಿ, ಕಪ್ಪು ಬಿಳಿ ಬಣ್ಣದ್ದು, ಸೊಗಸಾಗಿ ಹಾಡೋದು. ನಮ್ಮ ದೇಶದಲ್ಲಿ ಹಕ್ಕಿಗೂ ಕಸುಬು ಅಂಟಿಸದೆ ಬಿಟ್ಟಿಲ್ಲ.) ಅಂದ್ರೆ ಒಂದು ತೋಪಿನಲ್ಲಿ ಎಷ್ಟು ಸಂಸಾರ ನಿಲ್ಲುತ್ತೆ ಅನ್ನೋದು ಆ ತೋಪಿನಲ್ಲಿ ಎಷ್ಟು ಮರ ಇವೆ ಅನ್ನೋದರ ಮೇಲಷ್ಟೇ ನಿಂತಿಲ್ಲ. ಎಷ್ಟು ಒಣಕೊಂಬೆ ಉಳಿದಿವೆ, ಅದನ್ನ ಕೊರೆಯೋ ಕುಟುರ, ಮರಕುಟಿಗ ಎಷ್ಟಿವೆ ಅನ್ನೋದರ ಮೇಲೂ ನಿಂತಿದೆ. ಕೊರೆಯೋರು ಒಬ್ಬರು, ಸೇರ್ಕೊಳ್ಳೋರು ಇನ್ನೊಬ್ಬರು ಅಂತ ಓದಿದ ತಕ್ಷಣ ನಮ್ಮ ಹುಡುಗರಿಗೆ ಭಾಷಣದ ಸಾಲು ಸಿಕ್ಕಿರುತ್ತೆ. ಬೇಡಿ. ಗೊರವಂಕ ಜಮೀನ್ದಾರ ಅಲ್ಲ, ಅದಕ್ಕೂ ಬೇರೆ ಗತಿ ಇಲ್ಲ.

ಈ ಒಣಮರ ಎಲ್ಲಿ ಹೋಯ್ತು ಅಂತ ಕೇಳಿದ್ರೆ ನಮ್ಮ ತಾಲ್ಲೂಕಿನಲ್ಲಿ ಉತ್ತರ ಸುಲಭ. ಬ್ಯಾರನ್ನಿಗೆ. ರಾಮನಾಥಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆ ಇದೆ, ಸುತ್ತಲ ಹಳ್ಳಿಗಳಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಿವೆ. ಒಂದು ಕೆಜಿ ಸೊಪ್ಪು ಹದವಾಗಬೇಕಾದ್ರೆ ಹೆಚ್ಚುಕಮ್ಮಿ 4-5 ಕೆಜಿ ಸೌದೆ ಉರಿಯಬೇಕು. ನಮ್ಮಪ್ಪ ರಾತ್ರಿಪಾಳಿ ಒಲೆ ಕಾಯೋಕೆ ಹೋಗ್ತಿದ್ದ, ಅಪ್ಪನ ಜೊತೆ ನಾನು. ಒಂದು ಆಗಸ್ಟ್ ರಾತ್ರಿ, ಹದಿನಾಲ್ಕು ವರ್ಷ ಇರಬೇಕು ನನಗೆ, ಒಂದು ದಿಮ್ಮಿ ಎತ್ತಿದ್ರೆ ಹಗುರ. ಒಳಗೆ ಟೊಳ್ಳು. ಬಾಗಿಸಿದಾಗ ಒಂದು ಹಿಡಿ ಪುಡಿ ಉದುರಿತು. ಮರದ ಹೊಟ್ಟು, ಒಣಗಿದ ಹಿಕ್ಕೆ, ಬಸರಿ ಹಣ್ಣಿನ ಬೀಜ, ಎರಡು ಹಸಿರು ಪುಕ್ಕ. ಮರಿಗಳು ಅಷ್ಟೊತ್ತಿಗೆ ಹಾರಿಹೋಗಿದ್ದವು, ಕಾಲ ಮುಗಿದಿತ್ತು. ನಾನು ಪುಕ್ಕ ಜೇಬಿಗೆ ಹಾಕ್ಕೊಂಡೆ, ದಿಮ್ಮಿ ಒಲೆಗೆ ಹಾಕಿದೆ. ಕೂಲಿ ರಾತ್ರಿಗಿಷ್ಟು ಅಂತ ಇತ್ತು, ಒಲೆ ಆರಿದ್ರೆ ಕೂಲಿ ಇಲ್ಲ.

ನಮ್ಮವ್ವ, ಅತ್ತೆಯರು ತರ್ತಿದ್ದ ಸೌದೆ ಹೊರೆನೂ ಇದರಲ್ಲಿ ಸೇರುತ್ತೆ ಅಂತ ಒಪ್ಕೋತೀನಿ. ಆದರೆ ತಲೆ ಮೇಲೆ ಬರೋದು ಬೆರಳಿನ ಗಾತ್ರದ ಪುಳ್ಳೆ, ಹೆಚ್ಚೆಂದ್ರೆ ತೋಳಿನ ಗಾತ್ರದ್ದು. ಕುಟುರ ಕೊರೆಯೋ ದಪ್ಪದ ಕೊಂಬೆ ಹೆಂಗಸರ ಕುಡ್ಲಿಗೆ ಬಗ್ಗಲ್ಲ. ಅದು ಹೋಗಿದ್ದು ಟ್ರ್ಯಾಕ್ಟರಿನಲ್ಲಿ, ಲಾರಿಯಲ್ಲಿ. ಖಾಲಿಯಾದ ಜಾಗಕ್ಕೆ ನೀಲಗಿರಿ ಬಂತು. ಅದಕ್ಕೆ ತೊಗಟೆ ನಿಲ್ಲಲ್ಲ, ಹಕ್ಕಿ ತಿನ್ನೋ ಹಣ್ಣಿಲ್ಲ, ಪೊಟರೆ ಆಗುವಷ್ಟು ಮುದಿಯಾಗೋಕೆ ಬಿಡೋದೂ ಇಲ್ಲ, ಅಷ್ಟರಲ್ಲಿ ಕಡೀತಾರೆ. ದೂರದಿಂದ ನೋಡಿದ್ರೆ ನಮ್ಮ ತೋಪು ಇನ್ನೂ ಹಸಿರಾಗೇ ಇದೆ. ಹಕ್ಕಿ ಕಣ್ಣಿಗೆ ಅದರಲ್ಲಿ ಮುಕ್ಕಾಲು ಭಾಗ ಖಾಲಿ.

ತುಂಡಾದ ಕಾಡಿನಲ್ಲಿ ಮೊದಲು ಸೋಲೋದು ನೆಲದ ಮೇಲೆ ಮೊಟ್ಟೆ ಇಡೋ ಹಕ್ಕಿಗಳು. ನಾನು ಚಿಕ್ಕವನಿದ್ದಾಗ ಕೆರೆ ಹಿಂದೆ ಕಾಡುಕೋಳಿ ಕೂಗ್ತಿತ್ತು. ಅದು ಪೊದೆ ಬುಡದಲ್ಲಿ ನಾಲ್ಕು ತರಗೆಲೆ ಸರಿಸಿ ಮೊಟ್ಟೆ ಇಡುತ್ತೆ. ಕಾಡು ದೊಡ್ಡದಿದ್ರೆ ಒಳಗೊಳಗೆ ಸರೀಬಹುದು. ಮೂರು ಎಕರೆಯಲ್ಲಿ ಒಳಗು ಅನ್ನೋದೇ ಇಲ್ಲ, ಎಲ್ಲಿ ನಿಂತ್ರೂ ಅಂಚೇ. ಬೀದಿನಾಯಿ, ಬೆಕ್ಕು, ಮುಂಗುಸಿ, ಕಾಗೆ ಎಲ್ಲಾ ಬರ್ತವೆ. ಈಗ ಕೂಗು ಇಲ್ಲ.

ಹಕ್ಕಿ ಮರ ನೋಡಿ ಮಾತ್ರ ಗೂಡು ಮಾಡಲ್ಲ, ನೆರೆ ನೋಡಿಯೂ ಮಾಡುತ್ತೆ. ಕಾಜಾಣ ಇದೆಯಲ್ಲ, ಕರೀದು, ಕವಲು ಬಾಲದ್ದು, ಅದು ಗೂಡು ಮಾಡಿದ ಮರದ ಹತ್ರ ಕಾಗೆ, ಹದ್ದು ಸುಳಿಯೋ ಹಂಗಿಲ್ಲ. ಅಟ್ಟಾಡಿಸಿ ಕುಕ್ಕುತ್ತೆ. ಅದಕ್ಕೇ ಹೊನ್ನಕ್ಕಿ, ಬೆಳವ, ಪಿಕಳಾರ ಅದೇ ಮರದಲ್ಲೋ ಪಕ್ಕದಲ್ಲೋ ಸಂಸಾರ ಹೂಡ್ತವೆ. ಕಾಜಾಣ ಅವುಗಳ ಸುದ್ದಿಗೆ ಹೋಗಲ್ಲ. ನಾನು ಡಿಗ್ರಿ ಓದುವಾಗ ಹಾಸನದಲ್ಲಿ ಬಾಡಿಗೆ ರೂಮಿಗೆ ಅಲೆದಿದ್ದೆ. ಅಡ್ವಾನ್ಸ್ ಮಾತಾಡಿ, ಬೀಗದ ಕೈ ಕೊಡೋ ಹೊತ್ತಿಗೆ "ನೀವು ಯಾವ ಪೈಕಿ?" ಹನ್ನೊಂದು ಮನೆ. ಹನ್ನೆರಡನೇದು ಕೊಟ್ಟವರು ಒಬ್ಬ ಮುಸ್ಲಿಂ ಅಜ್ಜಿ, ಏನೂ ಕೇಳಲಿಲ್ಲ. ಆ ಬೀದಿಯಲ್ಲಿ ಆಮೇಲೆ ನಮ್ಮೋರೇ ಏಳು ಜನ ಹುಡುಗರು ಸೇರ್ಕೊಂಡೆವು. ಕಾಜಾಣದ ಮರ ನೋಡಿದಾಗೆಲ್ಲ ನನಗೆ ಆ ಅಜ್ಜಿ ನೆನಪಾಗ್ತಾರೆ.

ಇನ್ನೊಂದು ಹಕ್ಕಿ ವಿಷಯ ಹೇಳ್ಬೇಕು, ಅದಕ್ಕೆ ನಮ್ಮ ಗಡಿ ದಾಟಿ ಕೊಡಗಿಗೆ ಹೋಗ್ಬೇಕು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದಾಗ ನಾವು ಕೆಲವರು ಹೋಗಿದ್ದೆವು. ಕಾಫಿ ತೋಟದ ಲೈನ್‌ಮನೆಗಳಲ್ಲಿ ತಲೆಮಾರುಗಟ್ಟಲೆ ಜೀತದ ಹಂಗೆ ಬದುಕಿ, ಇನ್ನು ಸಾಕು ಅಂತ ಹೊರಗೆ ಬಂದು ಕಾಡಂಚಿನಲ್ಲಿ ಗುಡಿಸಲು ಹಾಕಿದ್ದ ಜನ ಅವರಲ್ಲಿ ಬಹಳ ಇದ್ರು. ಟಾರ್ಪಾಲಿನ ಕೆಳಗೆ ಕೂತಿದ್ದಾಗ ಮೇಲೆ ಯಾರೋ ಕೆಟ್ಟದಾಗಿ ನಕ್ಕ ಹಾಗಾಯ್ತು. ನಾನು ತಲೆ ಎತ್ತಿದೆ. ಪಕ್ಕದಲ್ಲಿದ್ದ ಎರವರ ಹಿರಿಯ ಮೇಲೆ ನೋಡದೇ "ಮಂಗಟ್ಟೆ" ಅಂದ್ರು. ದಪ್ಪ ಕೊಕ್ಕಿನ, ಬೂದಿ ಬಣ್ಣದ ಹಕ್ಕಿ. ಪಶ್ಚಿಮಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ತಾನು ಕೂಲಿ ಮಾಡ್ತಿದ್ದ ತೋಟದಲ್ಲಿ ಒಂದು ಹಳೇ ಮರ ಇದೆ, ಪ್ರತಿ ಬೇಸಿಗೆ ಅದೇ ಪೊಟರೆಗೆ ಬರುತ್ತೆ ಅಂದ್ರು.

ಮಂಗಟ್ಟೆಗೆ ಕೊರೆಯೋಕೆ ಬರಲ್ಲ. ತಾನಾಗೇ ಆದ ದೊಡ್ಡ ಪೊಟರೆಯೇ ಬೇಕು, ಅಂದ್ರೆ ಮುದಿ ಮರವೇ ಬೇಕು. ಹೆಣ್ಣು ಒಳಗೆ ಹೋಗಿ ಬಾಗಿಲನ್ನ ತನ್ನ ಹಿಕ್ಕೆಯಿಂದ ಮೆತ್ತಿ ಮುಚ್ಕೊಳ್ಳುತ್ತೆ, ಕೊಕ್ಕು ತೂರೋಷ್ಟು ಸಂದಿ ಬಿಟ್ಟು. ಎರಡು ಮೂರು ತಿಂಗಳು ಗಂಡು ಹೊರಗಿನಿಂದ ಹಣ್ಣು, ಹುಳ ತಂದು ಕೊಡಬೇಕು. ಹಾಗಾಗಿ ಮರ ಒಂದೇ ಸಾಲಲ್ಲ, ಸುತ್ತ ಅಷ್ಟು ದಿನ ಹಣ್ಣು ಬಿಡೋ ಆಲ, ಬಸರಿ, ಅತ್ತಿ ಇರಬೇಕು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ತಮಿಳುನಾಡಿನ ವಾಲ್ಪಾರೈನಲ್ಲಿ ಇದರ ದೊಡ್ಡಣ್ಣನಾದ ದೊಡ್ಡ ಮಂಗಟ್ಟೆಯ ಗೂಡುಗಳನ್ನ ಹುಡುಕಿದ್ದಾರೆ. ಕಾಫಿ ತೋಟದೊಳಗೂ ಅವು ಗೂಡು ಮಾಡ್ತವೆ, ಆದರೆ ತೋಟದಲ್ಲಿ ಉಳಿದಿರೋ ದೊಡ್ಡ ದೊಡ್ಡ ನಾಡಮರಗಳಲ್ಲಿ. ಕೊಡಗಿನಲ್ಲೂ ನೆರಳಿಗೆ ಅಂತ ಸಿಲ್ವರ್ ಓಕ್ ಸಾಲು ಹಿಡಿದು ನೆಟ್ಟಿದ್ದಾರೆ, ಅದರಲ್ಲಿ ಅಂಥ ಪೊಟರೆ ಎಲ್ಲಿಂದ ಬರಬೇಕು? ದೇವರಕಾಡುಗಳ ಕಥೆನೂ ಅಷ್ಟೇ. 1905ರಲ್ಲಿ ಸುಮಾರು 6,277 ಹೆಕ್ಟೇರ್ ಇದ್ದ ಕೊಡಗಿನ ದೇವರಕಾಡು 1985ಕ್ಕೆ 2,550 ಹೆಕ್ಟೇರಿಗೆ ಇಳಿದಿತ್ತು. ಉಳಿದ ತುಂಡುಗಳು ಸಣ್ಣವಾದರೂ ಹಕ್ಕಿಗಳಿಗೆ ಈಗಲೂ ಆಸರೆ ಅಂತ ಅಲ್ಲಿ ಅಧ್ಯಯನ ಮಾಡಿದವರು ಬರೆದಿದ್ದಾರೆ.

ನನಗೆ ಕಾಡಿದ್ದು ಬೇರೆ. ಪೊಟರೆ ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳಬಲ್ಲ ಆ ಹಿರಿಯನಿಗೆ ತನ್ನ ಗುಡಿಸಲು ನಾಳೆ ಎಲ್ಲಿರುತ್ತೆ ಅಂತ ಹೇಳೋಕೆ ಬರ್ತಿರಲಿಲ್ಲ. "ಹಕ್ಕಿ ಗೂಡಿಗೆ ಜಾಗ ಆರಿಸಿಕೊಳ್ಳುತ್ತೆ" ಅಂತ ಪುಸ್ತಕದಲ್ಲಿ ಬರೀತಾರೆ. ಆರಿಸೋದು ಅನ್ನೋ ಮಾತು ಕೇಳಿದ್ರೆ ನನಗೆ ಈಗಲೂ ಸಣ್ಣಗೆ ಸಿಟ್ಟು ಬರುತ್ತೆ. ಹತ್ತು ಒಣಕೊಂಬೆ ಇದ್ದಾಗ ಒಂದರಲ್ಲಿ ಕೂತರೆ ಅದು ಆಯ್ಕೆ. ಒಂದೇ ಉಳಿದಿದ್ದಾಗ?

ಈಗ ನಾನು ಮಾಡಿದ್ದನ್ನ ಹೇಳ್ತೀನಿ. ಹಲವು ವರ್ಷದ ಹಿಂದೆ ಏಪ್ರಿಲ್ 14ಕ್ಕೆ ಕೇರಿಯಲ್ಲಿ ಮೊದಲ ಸಲ ದೊಡ್ಡದಾಗಿ ಜಯಂತಿ ಇಟ್ಟುಕೊಂಡಿದ್ದೆವು. ಊರಿನ ರಂಗಮಂದಿರ ಕೊಡಲಿಲ್ಲ. ತೋಪಿನ ಅಂಚಿನಲ್ಲೇ ಪೆಂಡಾಲ್ ಅಂತ ತೀರ್ಮಾನ ಆಯ್ತು. ಅಡ್ಡ ಇದ್ದದ್ದು ಅದೇ ತಾತನ ಹಾಲವಾಣ, ಅರ್ಧ ಒಣಗಿದ್ದು. ಜನರ ಮೇಲೆ ಕೊಂಬೆ ಬಿದ್ರೆ ಏನ್ ಗತಿ ಅಂತ ಕಡಿಸಿದೋನು ನಾನೇ. ತಾತ ಆಗ ಇರಲಿಲ್ಲ. ಕೊಂಬೆ ನೆಲಕ್ಕೆ ಬಿದ್ದು ಸೀಳಿದಾಗ ಒಳಗಿಂದ ಮೂರು ಮರಿ ಹೊರಗೆ ಬಂದವು, ಎರಡು ಸತ್ತಿದ್ದವು, ಒಂದಕ್ಕೆ ಜೀವ ಇತ್ತು. ಕುಟುರ ಗೂಡಿಗೆ ಕೂರೋದು ಡಿಸೆಂಬರಿನಿಂದ ಜೂನ್ ಜುಲೈವರೆಗೆ. ಏಪ್ರಿಲ್ ಅಂದ್ರೆ ನಟ್ಟನಡುವೆ. ನನಗೆ ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ನನಗೇ ಗೊತ್ತಿತ್ತು. ಅವ್ವ ಆ ಮರಿನ ಸೆರಗಲ್ಲಿ ಹಾಕ್ಕೊಂಡು ಹೋದಳು, ಬಾಳೆಹಣ್ಣು ಕಿವುಚಿ ಇಟ್ಟಳು, ಮಾರನೇ ದಿನ ಮಧ್ಯಾಹ್ನಕ್ಕೆ ಅದೂ ಹೋಯ್ತು. "ಒಂದ್ ಸಲ ತಲೆ ಎತ್ತಿ ನೋಡ್ಬಾರ್ದಿತ್ತೇನ್ಲಾ" ಅಂದಳು ಅಷ್ಟೇ. ಸಂಜೆ ನಾನು ಮೈಕ್ ಮುಂದೆ ಒಂದು ಗಂಟೆ ಮಾತಾಡಿದ್ದೆ. ಏನು ಮಾತಾಡಿದ್ದೆ ಅನ್ನೋದು ನೆನಪಿಲ್ಲ.

ಅಲ್ಲಿಂದ ಈಚೆಗೆ ಬೇಸಿಗೆ ಬಂತಂದ್ರೆ ಬೆಳಗ್ಗೆ ತೋಪು ಒಂದು ಸುತ್ತು ಹಾಕಿ ತೂತು ಎಣಿಸೋದು ಅಭ್ಯಾಸ ಆಗಿದೆ. ಒಂದೆರಡು ಬಿಟ್ರೆ ಎಲ್ಲಾ ಒಣಕೊಂಬೆಯಲ್ಲೇ. ನೀಲಗಿರಿಯಲ್ಲಿ ಒಂದೂ ಇಲ್ಲ. ಪಟ್ಟಣದ ಹಕ್ಕಿಪ್ರಿಯರು ಒಂದು ಸಲ ಬಂದು ಹಲಗೆ ಗೂಡುಗಳನ್ನ ಕಟ್ಟಿ ಹೋದ್ರು, ಒಳ್ಳೇ ಮನಸ್ಸಿನಿಂದಲೇ. ಕುಟುರ ಅದರ ಕಡೆ ತಿರುಗಿಯೂ ನೋಡಲಿಲ್ಲ, ಅದಕ್ಕೆ ತಾನೇ ಕೊರೆಯಬೇಕು. ಗೊರವಂಕಗಳು ಸೇರ್ಕೊಂಡವು. ಆಶ್ರಯ ಮನೆ ಹಂಚಿಕೆ ನೆನಪಾಗಿ ನಗು ಬಂತು.

ಇನ್ನು ಸೂರಿನ ವಿಷಯ. ನಮ್ಮ ಕೇರಿಯಲ್ಲಿ ಒಂದೊಂದು ಮನೆಗೆ ಮೂರು ಸಂಸಾರ. ಈ ಗೋಮಾಳದಲ್ಲಿ ನಿವೇಶನ ಕೊಡಿ ಅಂತ ಅರ್ಜಿ, ಧರಣಿ, ತಾಲ್ಲೂಕು ಆಫೀಸಿನ ಮೆಟ್ಟಿಲು, ನೀವೆಲ್ಲ ಬಲ್ಲಿರಿ, ಮತ್ತೆ ಬರೆಯಲ್ಲ. ಆಗ ಊರಿನ ಕೆಲವರಿಗೆ ಇದ್ದಕ್ಕಿದ್ದಂತೆ ಪರಿಸರ ನೆನಪಾಯ್ತು. "ತೋಪು ಹಾಳಾಗುತ್ತೆ, ಹಕ್ಕಿಪಕ್ಷಿಗಳಿಗೆ ನೆಲೆ ತಪ್ಪುತ್ತೆ" ಅಂತ ತಕರಾರು ಅರ್ಜಿ ಬಂತು. ಅದಕ್ಕೆ ಸಹಿ ಹಾಕಿದವರಲ್ಲಿ ಇಬ್ಬರು ಇದೇ ತೋಪಿನ ಮರ ಬ್ಯಾರನ್ನಿಗೆ ಸಾಗಿಸಿದವರು. ನನಗೆ ಕಷ್ಟ ಆಗಿದ್ದು ಅವರ ಮೋಸ ಅಲ್ಲ, ಅದು ಹಳೇದು. ಅವರು ಬರೆದ ಮಾತಿನಲ್ಲಿ ಅರ್ಧ ನಿಜ ಇತ್ತು, ಮತ್ತು ಆ ಅರ್ಧ ನಿಜ ಅವರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು.

ಧರಣಿ ಬಿಡಲಿಲ್ಲ. ಹೋದ ವರ್ಷ ಒಂದು ಎಕರೆ ಇಪ್ಪತ್ತು ಗುಂಟೆ ನಿವೇಶನಕ್ಕೆ ಮಂಜೂರಾಯ್ತು, ಉಳಿದದ್ದು ಹಾಗೇ ಇರಲಿ ಅಂತ ನಾವೇ ಬರೆದುಕೊಟ್ಟೆವು. ನಿವೇಶನ ನೀಲಗಿರಿ ಕಡೆಗೆ ಬರಲಿ ಅಂತ ನಾನು ಪಟ್ಟು ಹಿಡಿದಿದ್ದೆ. ಆ ಕಡೆ ನೆಲ ತಗ್ಗು, ನೀರು ನಿಲ್ಲುತ್ತೆ, ನಮ್ಮ ಹೆಂಗಸರು ಬೇಡ ಅಂದ್ರು. ಅವರು ಹೇಳಿದ್ದೇ ಸರಿ. ಮೂರು ತಲೆಮಾರು ತಗ್ಗಿನಲ್ಲೇ ಇದ್ದೋರಿಗೆ ಮತ್ತೆ ತಗ್ಗು ಕೊಡಿಸೋಕೆ ನಾನ್ಯಾರು? ಹೀಗೆ ಸೈಟುಗಳು ಬಸರಿ, ಹಾಲವಾಣದ ಕಡೆಗೇ ಬಂದವು.

ಏಳನೇ ನಂಬರ್ ಸೈಟು ನನ್ನ ಚಿಕ್ಕಪ್ಪನ ಮಗಳಿಗೆ ಬಂದಿದೆ. ಗಂಡ ಇಲ್ಲ, ಎರಡು ಮಕ್ಕಳು. ಸೈಟಿನ ಮೂಲೆಯಲ್ಲಿ ಒಂದು ಹಾಲವಾಣ, ಅದರ ಒಣಕೊಂಬೆಯಲ್ಲಿ ಈ ಸಲದ ಕುಟುರ. ಫೋಟೊದಲ್ಲಿ ನೀವು ನೋಡಿದ್ದು ಅದೇ. ಮರ ತೆಗೆಯೋಕೆ ಅನುಮತಿ ಸಿಕ್ಕಿದೆ. ಮೇ 31ರ ಒಳಗೆ ಪಾಯ ತೆಗೆದು ಜಿಪಿಎಸ್ ಫೋಟೊ ಕೊಡದಿದ್ರೆ ಮನೆ ರದ್ದು ಅಂತ ಹೇಳಿದ್ದಾರೆ. ಈ ಪಟ್ಟಿಯಿಂದ ಹೆಸರು ಬಿದ್ರೆ ಮತ್ತೆ ಸೇರೋಕೆ ಎಷ್ಟು ವರ್ಷವೋ.

ಕುಟುರನ ಮೊಟ್ಟೆ ಒಡೆಯೋಕೆ 14-15 ದಿನ. ಮರಿ ಹಾರೋಕೆ 36ರಿಂದ 38 ದಿನ. ದೊಡ್ಡವು ಹುಳ ಕಚ್ಕೊಂಡು ತೂತಿಗೆ ಹೋಗೋಕೆ ಶುರು ಮಾಡಿದ್ದನ್ನ ನಾನು ನೋಡಿದ್ದು ಏಪ್ರಿಲ್ 21ಕ್ಕೆ. ಅಲ್ಲಿಂದ ಎಣಿಸಿದ್ರೆ ಮೇ 27, 28, ಬಹಳ ಅಂದ್ರೆ 29. ನೋಟ್‌ಬುಕ್ಕಿನಲ್ಲಿ ಬರೆದು ತಂಗಿಗೆ ತೋರಿಸಿದೆ. ಅವಳು ಲೆಕ್ಕ ನೋಡಲಿಲ್ಲ, ಮರ ನೋಡಿದಳು. "ಎರಡ್ ದಿನ್ದಲ್ಲಿ ಪಾಯ ಆಯ್ತದಾ ಅಣ್ಣ?" ಅಂದಳು. ಜೆಸಿಬಿ ಸಿಕ್ರೆ ಆಗುತ್ತೆ ಅಂದೆ. "ಸಿಕ್ದಿದ್ರೆ?" ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತು ಬಿಟ್ಟು, "ಇಪ್ಪತ್ತೊಂಬತ್ಕೆ ಜೆಸಿಬಿಯೋನ್ಗೆ ಈಗ್ಲೇ ಏಳ್ಬುಡು, ನನ್ ಕೈಲಿ ಆಗೋದು ಅಷ್ಟೇಯ" ಅಂದಳು.

ಇವತ್ತು ಮೇ 9. ನಿನ್ನೆ ರಾತ್ರಿ ಭರಣಿ ಮಳೆ ಗಾಳಿಗೆ ಕರೆಂಟ್ ಕಂಬ ಬಿದ್ದಿದೆ. ಬೆಳಗ್ಗೆ ಎದ್ದು ಮೊದಲು ತೋಪಿಗೆ ಹೋದೆ. ಕೊಂಬೆ ನಿಂತಿತ್ತು. ತೂತಿನ ಬಾಯಲ್ಲಿ ಒಂದು ಕೊಕ್ಕು ಕಾಣ್ತಿತ್ತು. ಜೆಸಿಬಿಯವನಿಗೆ 29ಕ್ಕೆ ಅಡ್ವಾನ್ಸ್ ಕೊಟ್ಟಿದ್ದೀನಿ. ಅವನು ಮಾತಿಗೆ ತಪ್ಪಿದ್ರೆ 30ಕ್ಕೆ ಬೆಳಗ್ಗೆ ಪಿಕಾಸಿ, ಹಾರೆ ಹಿಡಿಯೋ ಇಪ್ಪತ್ತು ಜನ ಬೇಕು. ಅರಕಲಗೂಡು, ಕೊಣನೂರು, ಹೊಳೆನರಸೀಪುರ ಕಡೆಯ ಗೆಳೆಯರು ಬರೋದಾದ್ರೆ ತಿಳಿಸಿ. ಮಧ್ಯಾಹ್ನ ಊಟ ನಮ್ಮ ಕೇರಿಯಲ್ಲಿ. ಫೋನ್ ಮಾಡಿದ್ದ ತಮ್ಮಾ, ನೀನೂ ಬಾ.

ಜೈ ಭೀಮ್.